ಮೊದಲು ಸರಿಯಾಗಿ ಕೇಳಬೇಕು



ಸಂಘದ ವಾರ್ಷಿಕ ಸಂಚಿಕೆಗೆ ಏನಾದ್ರೂ ಬರಿ ಅಂತ ಕೇಳಿದಾಗ, ‘ನನಗೆ ಕವಿತೆ ಬರಲ್ಲ, ಕಥೆ ಬರಲ್ಲ, ನಾಲ್ಕು ತಿಂಗಳಿಂದ ತಲೆಯಲ್ಲಿ ಇರೋದು ಆಂಟೆನಾ ಒಂದೇ’ ಅಂದೆ. ‘ಹಾಗಾದ್ರೆ ಅದನ್ನೇ ಬರಿ, ಆದ್ರೆ ನಮಗೂ ಅರ್ಥ ಆಗಬೇಕು’ ಅಂದರು. ನ್ಯಾಯವಾದ ಮಾತು. ಈ ಪುಸ್ತಕವನ್ನು ಎಂ.ಬಿ.ಎ. ಓದುವವರೂ ಓದುತ್ತಾರೆ, ನರ್ಸಿಂಗ್ ಓದುವವರೂ ಓದುತ್ತಾರೆ, ಊರಲ್ಲಿ ನಮ್ಮೆಲ್ಲರ ಅಪ್ಪ ಅಮ್ಮಂದಿರಿಗೂ ವಾಟ್ಸಾಪಿನಲ್ಲಿ ಹೋಗುತ್ತದೆ. ಹಾಗಾಗಿ ಫಾರ್ಮುಲಾ ಇಲ್ಲ. ಒಂದೇ ಒಂದು ಲೆಕ್ಕ ಇದೆ, ಅದೂ ಹೈಸ್ಕೂಲಿನದು.

ನನ್ನ ಮಾಸ್ಟರ್ಸ್ ಪ್ರಾಜೆಕ್ಟಿನ ವಿಷಯವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ ಹೀಗೆ: ದೂರದ ಪ್ರಸಾರ ಕೇಂದ್ರದ ಸಿಗ್ನಲ್ ಹಿಡಿದು ಮುಂದಕ್ಕೆ ಕೊಡುವ ರಿಲೇ ಕೇಂದ್ರ, ತನಗೆ ಬೇಡದ ಇನ್ನೊಂದು ಸಿಗ್ನಲನ್ನು ಆಂಟೆನಾದಲ್ಲೇ ಹೇಗೆ ತಡೆಯಬಹುದು? ಕೇಳಲಿಕ್ಕೆ ಒಣ ವಿಷಯ. ನಾನೂ ಹಾಗೇ ಅಂದುಕೊಂಡು ಶುರು ಮಾಡಿದ್ದೆ. ಆಮೇಲೆ ಅದು ನಮ್ಮ ಯಾದಗಿರಿ ಜಿಲ್ಲೆಯ ಊರಿಗೆ, ನಮ್ಮ ಮುತ್ಯಾನ ಕಿವಿಗೆ ಹೋಗಿ ಮುಟ್ಟಿತು. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.

ಶೆಫೀಲ್ಡ್‌ನಲ್ಲಿ ಇರುವವರು ನಾಳೆ ಬಸ್ಸಿಗೆ ಕಾಯುವಾಗ ಎದುರಿನ ಮನೆಗಳ ಚಿಮಣಿ ಕಡೆ ನೋಡಿ. ಬ್ರಿಟನ್ನಿನ ಬೇರೆ ಎಷ್ಟೋ ಕಡೆ ಟಿವಿ ಆಂಟೆನಾದ ಕಡ್ಡಿಗಳು ನೆಲಕ್ಕೆ ಸಮನಾಗಿ ಅಡ್ಡ ಮಲಗಿರುತ್ತವೆ. ಈ ಊರಿನಲ್ಲಿ ಬಹಳ ಮನೆಗಳ ಮೇಲೆ ಅವು ನೆಟ್ಟಗೆ ನಿಂತಿವೆ. ಕಾರಣ ಇಲ್ಲಿನ ಗುಡ್ಡಗಳು. ಈ ಭಾಗಕ್ಕೆಲ್ಲ ಟಿವಿ ಬರುವುದು ಎಮ್ಲಿ ಮೂರ್ ಎಂಬಲ್ಲಿಂದ. ಅಲ್ಲಿ ಮೊದಲಿದ್ದ ಉಕ್ಕಿನ ಕಂಬ 1969ರ ಮಾರ್ಚಿನಲ್ಲಿ ಮಂಜುಗಡ್ಡೆ ಕಟ್ಟಿ ಕುಸಿದು ಬಿತ್ತು. ಅದರ ಜಾಗದಲ್ಲಿ ಈಗ 300 ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಪುರ ನಿಂತಿದೆ. ನಮ್ಮಿಂದ ಅದು ಸುಮಾರು 28 ಕಿಲೋಮೀಟರ್. ದೂರ ಏನೂ ಅಲ್ಲ. ಆದರೆ ಶೆಫೀಲ್ಡ್ ಕಣಿವೆಗಳ ಊರು. ಬೆನ್ನಿಗೆ ಗುಡ್ಡ ಹೊತ್ತ ಮನೆಗಳಿಗೆ ಆ ಗೋಪುರ ಕಾಣುವುದಿಲ್ಲ, ಕಾಣದ ಕಡೆ ಈ ಅಲೆಗಳೂ ಸರಿಯಾಗಿ ಇಳಿಯುವುದಿಲ್ಲ.

ಅದಕ್ಕೇ ಊರ ಪಶ್ಚಿಮಕ್ಕೆ ಕ್ರಾಸ್‌ಪೂಲ್ ಎಂಬ ಎತ್ತರದ ಜಾಗದಲ್ಲಿ ಒಂದು ರಿಲೇ ಕೇಂದ್ರ ಇದೆ. ಗುಡ್ಡದ ಮೇಲೆ ನಿಂತು ಎಮ್ಲಿ ಮೂರ್ ಹೇಳಿದ್ದನ್ನು ಕೇಳಿಸಿಕೊಂಡು, ಕೆಳಗಿನ ಕಣಿವೆಗಳಿಗೆ ಬೇರೆ ಚಾನೆಲ್‌ಗಳಲ್ಲಿ ತಿರುಗಿ ಹೇಳುವುದು ಅದರ ಕೆಲಸ. ಎಮ್ಲಿ ಮೂರ್ ಅಡ್ಡ ಕಡ್ಡಿಯ ಭಾಷೆಯಲ್ಲಿ ಹೇಳಿದ್ದನ್ನು ಕ್ರಾಸ್‌ಪೂಲ್ ಉದ್ದ ಕಡ್ಡಿಯ ಭಾಷೆಯಲ್ಲಿ ಹೇಳುತ್ತದೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗದಿರಲಿ ಅಂತ ಈ ವ್ಯವಸ್ಥೆ. ಇದಕ್ಕೆ ಪೋಲರೈಸೇಶನ್ ಅನ್ನುತ್ತಾರೆ. ಅಡ್ಡ ಕಡ್ಡಿಯ ಆಂಟೆನಾಕ್ಕೆ ಉದ್ದ ಅಲೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಬ್ರಿಟನ್ನಿನಲ್ಲಿ ಇಂಥ ಟಿವಿ ಪ್ರಸಾರ ತಾಣಗಳು ದೊಡ್ಡವು ಸಣ್ಣವು ಸೇರಿ 1,100ಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಸಣ್ಣ ರಿಲೇಗಳೇ. ಕೆಲವು ಒಂದು ಹಳ್ಳಿಗೆ, ಒಂದು ಕಣಿವೆಗೆ ಮಾತ್ರ. ಹಳೆಯ ಅನಲಾಗ್ ಕಾಲದಲ್ಲಿ ಇಷ್ಟೂ ಕೇಂದ್ರಗಳಿಗೆ ಹಂಚಲು ಇದ್ದದ್ದು ಬರೀ 44 ಯುಎಚ್‌ಎಫ್ ಚಾನೆಲ್‌ಗಳು. ಒಂದೊಂದು ಕೇಂದ್ರಕ್ಕೆ ನಾಲ್ಕು ಬೇಕು. ಅಂದಮೇಲೆ ಒಂದೇ ಚಾನೆಲನ್ನು ದೂರ ದೂರದ ಊರುಗಳಲ್ಲಿ ಮತ್ತೆ ಮತ್ತೆ ಬಳಸದೆ ದಾರಿಯಿಲ್ಲ. ನಮ್ಮ ಕಡೆ ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುತ್ತಾರಲ್ಲ, ಹಾಗೆ. ಬೇರೆ ಬೇರೆ ಓಣಿಯಲ್ಲಿ ಇರುವ ತನಕ ತೊಂದರೆ ಇಲ್ಲ. ಜಾತ್ರೆಯಲ್ಲಿ ಒಟ್ಟಿಗೆ ನಿಂತಾಗ ‘ಏ ಬಸವರಾಜ’ ಅಂತ ಕೂಗಿದರೆ ನಾಲ್ಕೂ ಜನ ತಿರುಗಿ ನೋಡುತ್ತಾರೆ.

ಈ ಜಾತ್ರೆ ಯಾವಾಗ ಅಂದರೆ, ಗಾಳಿ ನಿಂತು ಬಿಸಿಲು ಕಾಯುವ ದಿನಗಳಲ್ಲಿ. ಸಾಮಾನ್ಯವಾಗಿ ನೆಲದಿಂದ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಹವೆಯ ಒತ್ತಡ ಹೆಚ್ಚಿರುವ ಕೆಲವು ದಿನ ಇದು ತಿರುವುಮುರುವಾಗಿ, ತಣ್ಣನೆ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಕೂರುತ್ತದೆ. ಆಗ ಟಿವಿ ಅಲೆಗಳು ಮೇಲಕ್ಕೆ ಹಾರಿಹೋಗದೆ ಆ ಪದರದ ಕೆಳಗೇ ಬಾಗಿ, ನೂರಾರು ಕಿಲೋಮೀಟರ್ ಹರಿದುಹೋಗುತ್ತವೆ. ಸಮುದ್ರದ ಮೇಲಂತೂ ಇನ್ನೂ ಸಲೀಸು. ಎಂದೂ ಕೇಳದ ದೂರದ ಕೇಂದ್ರ, ಅದೇ ಚಾನೆಲಿನಲ್ಲಿ ಬಂದು ಕೂರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ, ಇಡೀ ಲೇಖನದ ತಿರುಳು ಇದೇ. ಸಿಗ್ನಲ್ ಬರೀ ದುರ್ಬಲವಾಗಿದ್ದರೆ ಆಂಪ್ಲಿಫೈಯರ್ ಹಾಕಿ ಒಂದಿಷ್ಟು ನಿಭಾಯಿಸಬಹುದು. ಪಕ್ಕದ ಚಾನೆಲಿನಿಂದ ತೊಂದರೆ ಆದರೆ ಫಿಲ್ಟರ್ ಹಾಕಬಹುದು. ಆದರೆ ಬೇಡದ್ದು ಬೇಕಾದದ್ದರ ಚಾನೆಲಿನಲ್ಲೇ ಬಂದರೆ ಎರಡೂ ಕೆಲಸಕ್ಕೆ ಬರಲ್ಲ. ಫಿಲ್ಟರಿಗೆ ಎರಡೂ ಒಂದೇ. ಆಂಪ್ಲಿಫೈಯರ್ ಎರಡನ್ನೂ ಒಂದೇ ಸಮ ದೊಡ್ಡದು ಮಾಡುತ್ತದೆ. ಹಾಲಿಗೆ ನೀರು ಬೆರೆತ ಮೇಲೆ ಪಾತ್ರೆ ದೊಡ್ಡದು ಮಾಡಿದರೆ ಹಾಲು ಗಟ್ಟಿಯಾಗುತ್ತಾ?

ಮನೆಯ ಟಿವಿಯಲ್ಲಿ ಹೀಗಾದರೆ ಒಂದು ಮನೆಯ ಚಿತ್ರ ಕೆಡುತ್ತದೆ. ರಿಲೇ ಕೇಂದ್ರದಲ್ಲಿ ಆದರೆ ಇಡೀ ಕಣಿವೆಯ ಚಿತ್ರ ಕೆಡುತ್ತದೆ. ಏಕೆಂದರೆ ಅದು ತನಗೆ ಬಂದದ್ದನ್ನೇ ಸಾವಿರ ಮನೆಗೆ ಹಂಚುತ್ತದೆ, ಕಲಬೆರಕೆ ಸಮೇತ. ಆ ಮನೆಯವರು ಎಷ್ಟೇ ಒಳ್ಳೆ ಆಂಟೆನಾ ತಂದು ಹಾಕಲಿ, ಪ್ರಯೋಜನ ಇಲ್ಲ. ಅನಲಾಗ್ ಕಾಲದಲ್ಲಿ ಒಂದೇ ಚಾನೆಲಿನ ಬೇಡದ ಸಿಗ್ನಲ್ ಬೇಕಾದದ್ದಕ್ಕಿಂತ 30ರಿಂದ 45 ಡೆಸಿಬೆಲ್ ಕೆಳಗಿರಬೇಕಿತ್ತು. ಅಂದರೆ ಶಕ್ತಿಯ ಲೆಕ್ಕದಲ್ಲಿ ಸಾವಿರ ಪಟ್ಟಿನಿಂದ ಹಿಡಿದು ಸುಮಾರು ಮೂವತ್ತು ಸಾವಿರ ಪಟ್ಟು ಕಡಿಮೆ. ಇಲ್ಲವಾದರೆ ಪರದೆಯ ಮೇಲೆ ಅಡ್ಡ ಪಟ್ಟಿಗಳು ಓಡುತ್ತಿದ್ದವು. ಡಿಜಿಟಲ್ ಬಂದ ಮೇಲೆ ಪಟ್ಟಿ ಓಡುವುದಿಲ್ಲ. ಒಂದು ಮಿತಿಯವರೆಗೆ ಏನೂ ಗೊತ್ತಾಗಲ್ಲ, ಮಿತಿ ದಾಟಿದರೆ ಚಿತ್ರ ಅಲ್ಲೇ ಹೆಪ್ಪುಗಟ್ಟುತ್ತದೆ.

ಹಾಗಾದರೆ ಏನು ಮಾಡಬೇಕು? ಬೇಕಾದದ್ದಕ್ಕೂ ಬೇಡದ್ದಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ, ಅವು ಬರುವ ದಿಕ್ಕು. ಆ ವ್ಯತ್ಯಾಸವನ್ನು ಕಾಣಬಲ್ಲದ್ದು ಆಂಟೆನಾ ಮಾತ್ರ. ಕೇಬಲಿನೊಳಗೆ ಇಳಿದು ಒಂದಾದ ಮೇಲೆ ಯಾವುದು ಯಾವ ದಿಕ್ಕಿನಿಂದ ಬಂತು ಅಂತ ಯಾರೂ ಹೇಳಲಾರರು.

ನಮ್ಮೂರ ಮಾಳಿಗೆಗಳ ಮೇಲೆ ಇರುತ್ತಿದ್ದ ಮೀನಿನ ಮುಳ್ಳಿನಂಥ ಆಂಟೆನಾ ನೆನಪಿದೆಯಲ್ಲ, ಅದರ ಹೆಸರು ಯಾಗಿ-ಉಡಾ. 1926ರಲ್ಲಿ ಜಪಾನಿನ ತೊಹೋಕು ವಿಶ್ವವಿದ್ಯಾಲಯದ ಶಿಂಟಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ ಅದರ ಬಗ್ಗೆ ಮೊದಲು ಬರೆದರು. ಹಿಂದೆ ಒಂದು ಉದ್ದ ಕಡ್ಡಿ, ಅದು ಕನ್ನಡಿಯ ಹಾಗೆ. ಮುಂದೆ ಸಾಲಾಗಿ ಸ್ವಲ್ಪ ಗಿಡ್ಡ ಕಡ್ಡಿಗಳು, ಅವು ದಾರಿ ತೋರಿಸುವವು. ನಡುವೆ ಕೇಬಲ್ ಕಟ್ಟಿದ ಒಂದೇ ಕಡ್ಡಿ. ಉಳಿದ ಯಾವ ಕಡ್ಡಿಗೂ ವೈರ್ ಇಲ್ಲ, ಆದರೂ ಎಲ್ಲ ಸೇರಿ ‘ಆ ಕಡೆ ಕೇಳು, ಈ ಕಡೆ ಬೇಡ’ ಅನ್ನುತ್ತವೆ. ಟಿವಿ ಸರಿ ಬರದಿದ್ದಾಗ ಒಬ್ಬರು ಮಾಳಿಗೆ ಹತ್ತಿ ಕೋಲು ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು, ಹೋಯ್ತು’ ಅಂತ ಕೂಗುವುದು: ಆ ಇಬ್ಬರೂ ಮಾಡುತ್ತಿದ್ದದ್ದು ನನ್ನ ಪ್ರಾಜೆಕ್ಟನ್ನೇ.

ಒಂದು ಯಾಗಿ ಸಾಲದಿದ್ದರೆ ಎರಡು ಬೇಕು. ನಾನು ಹೇಳಿದ ಆ ಒಂದು ಲೆಕ್ಕ ಈಗ ಬರುತ್ತದೆ. ಒಂದೇ ತರದ ಎರಡು ಆಂಟೆನಾಗಳನ್ನು ಅಕ್ಕಪಕ್ಕ ಇಡಿ, ಎರಡೂ ಬೇಕಾದ ಕೇಂದ್ರದ ಕಡೆ ಮುಖ ಮಾಡಿರಲಿ. ಎರಡರಿಂದಲೂ ಸಮ ಉದ್ದದ ಕೇಬಲ್ ತಂದು ಸೇರಿಸಿ. ಎದುರಿನಿಂದ ಬರುವ ಅಲೆ ಎರಡನ್ನೂ ಒಂದೇ ಕ್ಷಣಕ್ಕೆ ಮುಟ್ಟುತ್ತದೆ, ಹಾಗಾಗಿ ಕೂಡಿಕೊಂಡು ಬಲವಾಗುತ್ತದೆ. ಓರೆಯಿಂದ ಬರುವ ಅಲೆ ಒಂದನ್ನು ಮೊದಲು, ಇನ್ನೊಂದನ್ನು ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ತಡ ಸರಿಯಾಗಿ ಅರ್ಧ ತರಂಗಾಂತರ ಆಗುವಂತೆ ನೋಡಿಕೊಂಡರೆ, ಒಂದರಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ. ಎರಡೂ ಸೇರಿದರೆ ಸೊನ್ನೆ. 600 ಮೆಗಾಹರ್ಟ್ಸಿನಲ್ಲಿ ತರಂಗಾಂತರ 50 ಸೆಂಟಿಮೀಟರ್, ಅದರ ಅರ್ಧ 25. ಬೇಡದ ಕೇಂದ್ರ 30 ಡಿಗ್ರಿ ಓರೆಯಲ್ಲಿದ್ದರೆ, 30 ಡಿಗ್ರಿಯ ಸೈನ್ ಅರ್ಧ ಆದ್ದರಿಂದ, ಎರಡು ಆಂಟೆನಾಗಳ ನಡುವಿನ ಅಂತರ 50 ಸೆಂಟಿಮೀಟರ್. ಓರೆ ಬರೀ 10 ಡಿಗ್ರಿ ಆದರೆ ಅಂತರ ಸುಮಾರು 1.44 ಮೀಟರ್. ಅಷ್ಟೇ. ಟೇಪು ಹಿಡಿದು ಅಳೆದರೆ ಸಾಕು, ಕರೆಂಟೂ ಬೇಡ.

ಲೆಕ್ಕದಲ್ಲಿ ಸೊನ್ನೆ ಅಂದರೆ ಸೊನ್ನೆ. ನಮ್ಮ ವಿಭಾಗದಲ್ಲಿ ಪ್ರತಿಫಲನವೇ ಇಲ್ಲದ ಒಂದು ಕೋಣೆ ಇದೆ. ಗೋಡೆ ಚಾವಣಿಗೆಲ್ಲ ನೀಲಿ ಫೋಮಿನ ಗೋಪುರಗಳನ್ನು ಅಂಟಿಸಿರುತ್ತಾರೆ. ಒಳಗೆ ನಿಂತು ಮಾತಾಡಿದರೆ ನಮ್ಮ ದನಿಯೂ ನಮಗೆ ವಾಪಸ್ ಬರಲ್ಲ. ಅಲ್ಲಿ ನಾಲ್ಕು ಆಂಟೆನಾ ಇಟ್ಟು ತಿಂಗಳುಗಟ್ಟಲೆ ಅಳೆದ ಮೇಲೆ ಗೊತ್ತಾಗುವುದು, ಸೊನ್ನೆ ಎಷ್ಟು ಸೂಕ್ಷ್ಮ ವಸ್ತು ಅಂತ. ಕೇಬಲಿನ ಉದ್ದದಲ್ಲಿ 5 ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಅಲೆಯಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸ. ಅಷ್ಟಕ್ಕೇ ಆ ಸೊನ್ನೆ 27 ಡೆಸಿಬೆಲ್ಲಿಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಆಳಕ್ಕೆ ಇಳಿಯಲ್ಲ. ಹೊರಗೆ ಮಾಸ್ಟಿನ ಮೇಲಾದರೆ ಗಾಳಿ ಇದೆ, ಮಳೆ ಇದೆ, ಕಂಬ ಅಲ್ಲಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಡದ ಸಿಗ್ನಲ್ ಒಂದೇ ದಿಕ್ಕಿನಿಂದ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಇವತ್ತು ಒಂದು ಕಡೆಯಿಂದ, ಹವೆ ಬದಲಾದರೆ ನಾಳೆ ಮತ್ತೊಂದು ಕಡೆಯಿಂದ. ಪ್ರತಿ ಸಲ ಯಾರು ಮಾಸ್ಟ್ ಹತ್ತಿ ಟೇಪು ಹಿಡಿಯುತ್ತಾರೆ?

ಈ ಪ್ರಶ್ನೆ ನಿಜವಾಗಿ ಎದುರಾದದ್ದು ಆಲ್ಡರ್ನಿ ಎಂಬ ಪುಟ್ಟ ದ್ವೀಪದಲ್ಲಿ. ಇಂಗ್ಲಿಷ್ ಕಾಲುವೆಯ ನಡುವೆ ಇರುವ ಚಾನೆಲ್ ದ್ವೀಪಗಳಲ್ಲಿ ಅದೂ ಒಂದು. ಅಲ್ಲಿನ ಜನ ಬ್ರಿಟನ್ನಿನ ಟಿವಿ ನೋಡುವವರು, ಆದರೆ ಫ್ರಾನ್ಸಿನ ದಡ ಅಲ್ಲಿಂದ ಸುಮಾರು 15 ಕಿಲೋಮೀಟರ್ ಅಷ್ಟೇ. ಇಂಗ್ಲೆಂಡಿನ ದೊಡ್ಡ ಊರುಗಳಲ್ಲಿ 1969ರಲ್ಲೇ ಐಟಿವಿ, ಬಿಬಿಸಿ ಒಂದನೇ ಚಾನೆಲ್ ಬಣ್ಣದಲ್ಲಿ ಬಂದರೂ ಈ ದ್ವೀಪಗಳು ವರ್ಷಗಟ್ಟಲೆ ಕಪ್ಪು ಬಿಳುಪಿನಲ್ಲೇ ಉಳಿದವು. ಬಣ್ಣದ ಸಿಗ್ನಲ್ ಹಿಡಿಯಬೇಕಾದದ್ದು ಡೆವನ್ನಿನ ಸ್ಟಾಕ್‌ಲ್ಯಾಂಡ್ ಹಿಲ್ ಕೇಂದ್ರದಿಂದ, ಸುಮಾರು 140 ಕಿಲೋಮೀಟರ್ ಆಚೆಯಿಂದ, ಹೆಚ್ಚಿನ ದಾರಿಯೆಲ್ಲ ಸಮುದ್ರದ ಮೇಲೆ. ಅದೇ ಚಾನೆಲ್‌ಗಳಲ್ಲಿ ಯುರೋಪಿನ ಕೇಂದ್ರಗಳೂ ಇದ್ದವು. ಸಮುದ್ರದ ಮೇಲೆ ಹವೆ ಬದಲಾದರೆ ಅವು ಅಲ್ಲಿಗೆ ಬಂದು ಮುಟ್ಟುತ್ತಿದ್ದವು.

ಆಗ ಬ್ರಿಟನ್ನಿನ ಇಂಡಿಪೆಂಡೆಂಟ್ ಬ್ರಾಡ್‌ಕಾಸ್ಟಿಂಗ್ ಅಥಾರಿಟಿಯ ಇಂಜಿನಿಯರುಗಳು ಆಲ್ಡರ್ನಿಯಲ್ಲಿ ಸೇಬರ್ ಅನ್ನುವ ವ್ಯವಸ್ಥೆ ಕಟ್ಟಿದರು. ಒಂದರ ಬದಲು ಆಂಟೆನಾಗಳ ಒಂದು ಸಾಲು. ಪ್ರತಿಯೊಂದರಿಂದ ಬರುವ ಸಿಗ್ನಲನ್ನು ಎಷ್ಟು ಹೆಚ್ಚಿಸಬೇಕು, ಎಷ್ಟು ತಡ ಮಾಡಿ ಕೂಡಿಸಬೇಕು ಅನ್ನುವುದನ್ನು ಎಲೆಕ್ಟ್ರಾನಿಕ್ ಉಪಕರಣ ತಾನೇ ತಿದ್ದಿಕೊಳ್ಳುತ್ತದೆ. ಬೇಡದ ಸಿಗ್ನಲ್ ಬಂದ ದಿಕ್ಕಿಗೆ ಆ ಸೊನ್ನೆಯನ್ನು ತಿರುಗಿಸುತ್ತದೆ, ಬೇಕಾದದ್ದರ ಮೇಲಿನ ಗಮನ ತಪ್ಪಿಸುವುದಿಲ್ಲ. ಮಾಳಿಗೆ ಹತ್ತಿದವರು, ಕೆಳಗಿಂದ ಕೂಗುವವರು ಇಬ್ಬರನ್ನೂ ಒಂದೇ ಪೆಟ್ಟಿಗೆಯೊಳಗೆ ಕೂರಿಸಿದ ಹಾಗೆ. 1976ರ ಜುಲೈನಲ್ಲಿ ಆ ದ್ವೀಪಗಳಿಗೆ ಬಣ್ಣದ ಟಿವಿ ಬಂತು. ಇವತ್ತು 5ಜಿ ಅಂತ ನಾವು ಮಾತಾಡುವಾಗ ಬರುವ ಬೀಮ್‌ಫಾರ್ಮಿಂಗ್ ಅನ್ನೋದು ಇದೇ ಕುಟುಂಬದ್ದು. ನನ್ನ ಪ್ರಾಜೆಕ್ಟೂ ಇದೇ: ನಾಲ್ಕು ಆಂಟೆನಾ, ಒಂದು ಸಾಫ್ಟ್‌ವೇರ್ ರೇಡಿಯೋ, ಸೊನ್ನೆಯನ್ನು ಬೇಕಾದ ಕಡೆ ತಿರುಗಿಸುವ ಒಂದು ಪ್ರೋಗ್ರಾಮು.

1976ರ ಜುಲೈ ಅಂತ ಓದಿದಾಗ ನನಗೆ ಆ ತಿಂಗಳು ಎಲ್ಲೋ ಕೇಳಿದ ಹಾಗೆ ಅನ್ನಿಸಿತು. ಕೇಳಿದ್ದು ಮನೆಯಲ್ಲೇ.

ನಮ್ಮ ಊರು ಆಗ ಗುಲ್ಬರ್ಗಾ ಜಿಲ್ಲೆ, ಈಗ ಯಾದಗಿರಿ. ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ಮೊದಲ ಸಲ ಟಿವಿ ನೋಡಿದ್ದು ಬೆಂಗಳೂರಿನಲ್ಲಿ ಅಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮೂರ ಶಾಲೆಯ ಕಟ್ಟೆಯ ಮೇಲೆ ಟಿವಿ ಇತ್ತು. ಸೈಟ್ ಅಂತ ಕರೆಯುವ ಪ್ರಯೋಗ ಅದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಲುಪಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1975ರ ಆಗಸ್ಟ್ 1ಕ್ಕೆ ಶುರುವಾಗಿ 1976ರ ಜುಲೈ 31ಕ್ಕೆ ಮುಗಿಯಿತು. ಆಲ್ಡರ್ನಿಯಿಂದ ಬಣ್ಣದ ಚಿತ್ರ ಹೊರಟ ತಿಂಗಳಲ್ಲೇ ನಮ್ಮೂರ ಪರದೆ ಖಾಲಿಯಾಯಿತು.

ಮುತ್ಯಾ ಹೇಳೋದು ಹೀಗೆ. ‘ಕೋಳಿ ಜಾಳಗಿ ಬಿಗದು ದೊಡ್ಡ ಛತ್ರಿ ಮಾಡಿದ್ರವ್ವಾ. ಮಳಿಗೆ ಹಿಡ್ಯೋ ಛತ್ರಿ ಅಲ್ಲ, ಬೋರಲು ಹಾಕಿದ್ದು. ಪಡುವಣಕ್ಕ ಮಾರಿ ಮಾಡಿ ನಿಲ್ಲಿಸಿದ್ರು. ಒಕ್ಕಲುತನದ ಮಾತು ಹೇಳ್ತಿದ್ರು ಅದರಾಗ. ನಾವು ಜೋಳ ಬಿತ್ತೋರು, ಅವರು ಭತ್ತ ತೋರಸ್ತಿದ್ರು. ಆದ್ರೂ ನೋಡ್ತಿದ್ವಿ. ಒಂದಿನ ಸಂಜಿಮುಂದ ಹಚ್ಚಿದ್ರ ಬರೇ ಮಳಿ. ಆಮ್ಯಾಲ ಬರಲೇ ಇಲ್ಲ.’ ಆ ಜಾಳಗಿ ಕೊನೆಗೆ ಯಾರದೋ ಮನೆಯ ಕೋಳಿಗೂಡಿಗೇ ಹೋಯಿತಂತೆ.

ಚಿಕ್ಕವಳಿದ್ದಾಗ ಇದನ್ನೆಲ್ಲ ಕಥೆ ಅಂತ ಕೇಳುತ್ತಿದ್ದೆ. ಈಗ ಇಂಜಿನಿಯರಾಗಿ ಕೇಳಿದೆ. ಉಪಗ್ರಹ ಇದ್ದದ್ದು 35 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ, ಪೂರ್ವ ಆಫ್ರಿಕಾದ ಮೇಲೆ, 36,000 ಕಿಲೋಮೀಟರ್ ಎತ್ತರದಲ್ಲಿ. ಯಾದಗಿರಿಯಿಂದ ಲೆಕ್ಕ ಹಾಕಿದರೆ ಅದು ಪಡುವಣದಲ್ಲೇ, ಸ್ವಲ್ಪ ದಕ್ಷಿಣಕ್ಕೆ ವಾಲಿ, ನೆಲದಿಂದ ಸುಮಾರು 38 ಡಿಗ್ರಿ ಮೇಲೆ ಬರುತ್ತದೆ. ಮುತ್ಯಾನ ನೆನಪು ಸರಿಯಾಗೇ ಇದೆ. ಕೋಳಿ ಜಾಳಗಿಯೂ ಬಡತನದ ಉಪಾಯ ಮಾತ್ರ ಅಲ್ಲ. ಪ್ರಸಾರ 860 ಮೆಗಾಹರ್ಟ್ಸಿನಲ್ಲಿ, ಅಂದರೆ ತರಂಗಾಂತರ ಸುಮಾರು 35 ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಜಾಳಗಿಯ ಸಣ್ಣ ತೂತು ಕಾಣುವುದೇ ಇಲ್ಲ, ಅದಕ್ಕೆ ಅದು ಗಟ್ಟಿ ತಗಡೇ. ಗಾಳಿ ಮಾತ್ರ ತೂತಿನಿಂದ ಹಾದುಹೋಗುತ್ತದೆ, ಹಾಗಾಗಿ ಛತ್ರಿ ಹಾರಿಹೋಗಲ್ಲ. ಮೂರು ಮೀಟರ್ ಅಗಲದ ಆ ಛತ್ರಿ ಆಕಾಶದಲ್ಲಿ ಸುಮಾರು 8 ಡಿಗ್ರಿ ಅಗಲದ ಜಾಗವನ್ನಷ್ಟೇ ಕೇಳುತ್ತಿತ್ತು. ನಮ್ಮೂರವರಿಗೆ ಅದು ಟಿವಿಯ ಛತ್ರಿ. ನನಗೆ ಅದು ಪಾಠದಲ್ಲಿ ಓದುವ ದಿಕ್ಕಿನ ಆಂಟೆನಾ, ನಮ್ಮ ಮನೆಯವರು ಕೈಯಾರೆ ಮುಟ್ಟಿದ್ದು.

ಇನ್ನೂ ಒಂದು ಸಂಗತಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸೈಟ್ ನಡೆಯುತ್ತಿದ್ದ ಕಾಲದಲ್ಲಿ, ನಾನು ಈಗ ಇರುವ ಇದೇ ಶೆಫೀಲ್ಡ್‌ನಲ್ಲಿ, ಸ್ಟೀವ್ ಬರ್ಕಿಲ್ ಎಂಬ ಇಂಜಿನಿಯರ್ ಮನೆಯಲ್ಲೇ ಕಟ್ಟಿದ ಡಿಶ್ ಮತ್ತು ರಿಸೀವರಿನಿಂದ ಆ ಭಾರತದ ಪ್ರಸಾರವನ್ನು ಹಿಡಿದರು. ಉಪಗ್ರಹದ ಆಂಟೆನಾ ಮುಖ ಮಾಡಿದ್ದು ನಮ್ಮ ಕಡೆಗೆ. ಇಲ್ಲಿಗೆ ಬಿದ್ದದ್ದು ಅಂಚಿನಲ್ಲಿ ಚೆಲ್ಲಿದ ತುಣುಕು. ಇಲ್ಲಿಂದ ಆ ಉಪಗ್ರಹ ಆಗ್ನೇಯದಲ್ಲಿ, ಬರೀ 20 ಡಿಗ್ರಿ ಎತ್ತರದಲ್ಲಿ ಇರುತ್ತಿತ್ತು. ಮನೆಮನೆಗೆ ಉಪಗ್ರಹ ಟಿವಿ ಬರುವುದಕ್ಕೆ ಮುಂಚಿನ ಮಾತು ಇದು. ಸೈಟ್‌ಗೆ ಇದ್ದದ್ದು ಒಂದೇ ಚಿತ್ರದ ಚಾನೆಲ್, ಹಿಂದಿ, ತೆಲುಗು, ಒಡಿಯಾ, ಕನ್ನಡ ಎಲ್ಲ ಪಾಳಿಯ ಮೇಲೆ ಅದರಲ್ಲೇ. ಅಂದಮೇಲೆ, ನಮ್ಮೂರ ಕಟ್ಟೆಯ ಮೇಲೆ ಮುತ್ಯಾ ನೋಡುತ್ತಿದ್ದ ಕನ್ನಡದ ಅಲೆಗಳು ಅದೇ ಹೊತ್ತಿಗೆ ಈ ಊರಿನ ಗುಡ್ಡಗಳ ಮೇಲೂ ಬೀಳುತ್ತಿದ್ದವು. ನಮ್ಮ ಸಂಘ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಶೆಫೀಲ್ಡಿಗೆ ಕನ್ನಡ ಬಂದಿತ್ತು, ಕೇಳಿಸಿಕೊಳ್ಳುವ ಆಂಟೆನಾ ಒಂದು ಬೇಕಿತ್ತು ಅಷ್ಟೇ.

ಇದನ್ನು ಮುತ್ಯಾನಿಗೆ ಹೇಳಬೇಕು ಅಂತ ಅವತ್ತೇ ಫೋನ್ ಮಾಡಿದೆ. ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮುತ್ಯಾನಿಗೆ ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳಲ್ಲ. ಫೋನಿನಲ್ಲಂತೂ ಏನೂ ತಿಳಿಯಲ್ಲ. ನಾನು ಹೇಳಿದ್ದನ್ನು ಅವ್ವ ಕೇಳಿಸಿಕೊಂಡು, ಅವರ ಕಿವಿಯ ಹತ್ತಿರ ಹೋಗಿ ಕೂಗಿ ಹೇಳುತ್ತಾಳೆ. ಹಿಂದೆ ಟಿವಿ ಓಡುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ, ಅಂಗಳದಲ್ಲಿ ಮಾಮಾನ ಮಕ್ಕಳು ಜಗಳಾಡುತ್ತಿರುತ್ತಾರೆ. ನಾನು ಐದು ನಿಮಿಷ ಉಪಗ್ರಹ, ಶೆಫೀಲ್ಡ್, ಬರ್ಕಿಲ್ ಅಂತ ಹೇಳಿದೆ. ಅವ್ವ ಮುತ್ಯಾನಿಗೆ ಹೇಳಿದ್ದು: ‘ಆರಾಮ ಇದ್ದಾಳಂತ. ಊಟ ಆಗ್ಯಾದಂತ.’

ನಗು ಬಂತು. ಫೋನಿಟ್ಟ ಮೇಲೆ ನಗು ಇರಲಿಲ್ಲ. ಅವ್ವ ಒಳ್ಳೆಯ ರಿಲೇ ಕೇಂದ್ರವೇ, ಅವಳಿಗೆ ಮುಖ್ಯ ಅನ್ನಿಸಿದ್ದನ್ನು ಸರಿಯಾಗಿ ಮುಟ್ಟಿಸಿದಳು. ಆದರೆ ಮುತ್ಯಾನ ಆ ವರ್ಷದ ಕಥೆ ಇರುವುದು ಮುತ್ಯಾನ ಹತ್ತಿರ ಮಾತ್ರ. ನಾನು ಕೇಳದಿದ್ದರೆ, ಕೇಳಿದ್ದು ಅವರಿಗೆ ಕೇಳಿಸದಿದ್ದರೆ, ಅದನ್ನು ಆಮೇಲೆ ಯಾವ ಆಂಪ್ಲಿಫೈಯರ್ ಹಾಕಿ ದೊಡ್ಡದು ಮಾಡಲಿ?

ಅವರಿಗೆ ಹೋದ ಯುಗಾದಿಗೆ ಕಿವಿ ಯಂತ್ರ ಕೊಡಿಸಿದರು. ‘ಎಲ್ಲಾ ಗದ್ದಲ ಜೋರಾಗಿ ಕೇಳ್ತದ, ಮಾತು ಕೇಳಲ್ಲ’ ಅಂತ ತೆಗೆದು ಟ್ರಂಕಿನ ಮೇಲೆ ಇಟ್ಟಿದ್ದಾರೆ. ಯಾರಿಗಾದರೂ ಇದು ಮುದುಕರ ಹಟ ಅನ್ನಿಸಬಹುದು. ನನಗೆ ಅದು ಇಂಜಿನಿಯರಿಂಗ್ ದೂರು ಅನ್ನಿಸಿತು, ಅದೂ ಬಹಳ ನಿಖರವಾದ ದೂರು. ಎಲ್ಲ ದಿಕ್ಕಿನದನ್ನೂ ಸಮನಾಗಿ ದೊಡ್ಡದು ಮಾಡಿದರೆ ಆಗುವುದೇ ಇದು. ಯಂತ್ರದ ಮಾಡೆಲ್ ಹುಡುಕಿ ನೋಡಿದೆ. ಅದರಲ್ಲಿ ಎರಡು ಮೈಕ್ ಇವೆ, ಒಂದರ ಹಿಂದೆ ಒಂದು, ನಡುವೆ ಸುಮಾರು ಒಂದು ಸೆಂಟಿಮೀಟರ್. ಸದ್ದು ಆ ಒಂದು ಸೆಂಟಿಮೀಟರ್ ದಾಟಲು ಸೆಕೆಂಡಿನ ಲಕ್ಷದಲ್ಲಿ ಮೂರು ಭಾಗ ಬೇಕು. ಅಷ್ಟೇ ತಡವನ್ನು ಲೆಕ್ಕ ಹಾಕಿ ಎರಡು ಮೈಕಿನ ಸದ್ದನ್ನು ಒಂದರಿಂದ ಒಂದು ಕಳೆದರೆ, ಬೆನ್ನ ಹಿಂದಿನ ಸದ್ದು ಸೊನ್ನೆಯಾಗುತ್ತದೆ, ಎದುರಿನದು ಉಳಿಯುತ್ತದೆ. ಮಾಸ್ಟಿನ ಮೇಲಿನ ಎರಡು ಆಂಟೆನಾ, ಮುತ್ಯಾನ ಕಿವಿಯ ಹಿಂದಿನ ಎರಡು ಮೈಕ್, ಎರಡರದ್ದೂ ಒಂದೇ ಉಪಾಯ. ಆ ಸೌಲಭ್ಯ ಬೇರೆ ಸೆಟ್ಟಿಂಗಿನಲ್ಲಿ ಇರುತ್ತದೆ, ಅದನ್ನು ಹಾಕಿಸಿಕೊಳ್ಳಬೇಕು. ಹಾಕಿದ ಮೇಲೂ ಮಾತಾಡುವವರು ಎದುರಿಗೆ ಕೂರಬೇಕು, ಗದ್ದಲ ಬೆನ್ನ ಹಿಂದೆ ಇರಬೇಕು.

ಮಾಮಾನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ಅವರು ಮುತ್ಯಾನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಸೆಟ್ಟಿಂಗ್ ಬದಲಿಸಿಕೊಂಡು ಬಂದರು. ಈಗ ದಿನಕ್ಕೆ ಒಂದೆರಡು ತಾಸು ಹಾಕಿಕೊಳ್ಳುತ್ತಾರಂತೆ. ಪವಾಡ ಏನೂ ಆಗಿಲ್ಲ. ಮದುವೆ ಮನೆಯಲ್ಲಿ ಈಗಲೂ ತೆಗೆದಿಡುತ್ತಾರೆ. ಎಲ್ಲ ದಿಕ್ಕಿನಿಂದಲೂ ಗದ್ದಲ ಬಂದರೆ ಎರಡು ಮೈಕ್ ಪಾಪ ಎಷ್ಟು ಅಂತ ತಡೆಯುತ್ತವೆ? ಆಲ್ಡರ್ನಿಗೆ ಸಾಲು ಆಂಟೆನಾ ಬೇಕಾದದ್ದೂ ಇದಕ್ಕೇ. ಆದರೆ ಮಧ್ಯಾಹ್ನದ ಹೊತ್ತು, ಮನೆ ತಣ್ಣಗಿದ್ದಾಗ, ಎದುರು ಕೂತವರ ಮಾತು ತಿಳಿಯುತ್ತದಂತೆ. ಆಯಿ ಹೇಳಿದಳು, ‘ಈಗ ನಾ ಬೈದಿದ್ದೂ ಕೇಳ್ತದ ಅವರಿಗೆ.’

ಸೆಪ್ಟೆಂಬರಿನಲ್ಲಿ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಅದಾದ ತಕ್ಷಣ ಎಲ್ಲರ ಹಾಗೆ ನಾನೂ ಕೆಲಸಕ್ಕೆ ಅರ್ಜಿ ಹಾಕುತ್ತಾ ಇಲ್ಲೇ ಇರುವವಳಿದ್ದೆ. ವೀಸಾದ ದಿನಗಳು ಎಣಿಕೆಯವು, ಒಂದೊಂದು ವಾರಕ್ಕೂ ಬೆಲೆ ಇದೆ ಅಂತ ಸೀನಿಯರ್‌ಗಳು ಹೇಳುತ್ತಾರೆ, ಸುಳ್ಳೇನಲ್ಲ. ಆದರೂ ಅಕ್ಟೋಬರಿಗೆ ಮೂರು ವಾರದ ಟಿಕೆಟ್ ಮಾಡಿಸಿದ್ದೇನೆ. ಕೆಲಸದ ಅರ್ಜಿ ಊರಿಂದಲೂ ಹಾಕಬಹುದು. ಮುತ್ಯಾನ ಎದುರು ಕೂರುವುದು ಇಲ್ಲಿಂದ ಆಗಲ್ಲ. ಪಡಸಾಲೆಯಲ್ಲಿ ಟಿವಿ ಬಂದ್ ಮಾಡಿ, ಅಂಗಳದ ಕಡೆ ಅವರ ಬೆನ್ನು ಇರುವ ಹಾಗೆ ಕೂರಿಸಿ, ಒಂದು ಮೈಕ್ ಇಟ್ಟು ಕೇಳಬೇಕು ಅಂತ ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೇನೆ. ಟಿವಿ ತಂದವರು ಯಾರು? ರಾತ್ರಿ ಅದನ್ನು ಎಲ್ಲಿ ಇಡುತ್ತಿದ್ದರು, ಯಾರ ಹತ್ತಿರ ಕೀಲಿ? ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು? ಎಲ್ಲ ಓಣಿಯವರೂ ಬರುತ್ತಿದ್ದರಾ, ಬಂದರೆ ಒಟ್ಟಿಗೆ ಕೂರುತ್ತಿದ್ದರಾ? ಹೈದರಾಬಾದಿನವರ ಕನ್ನಡ ನಮ್ಮ ಕನ್ನಡದ ಹಾಗೆ ಇತ್ತಾ? ಪರದೆ ಖಾಲಿಯಾದ ಮೇಲೆ ಎಷ್ಟು ದಿನ ಜನ ಬಂದು ಕೂತು ಕಾದರು? ಉಪಗ್ರಹದ ಎತ್ತರ, ಆಂಟೆನಾದ ಅಗಲ ಎಲ್ಲ ಪುಸ್ತಕದಲ್ಲಿ ಇವೆ. ಇವು ಅಲ್ಲಿಲ್ಲ.

ಹಾಗೇ ಒಂದು ಚಿಕ್ಕ ಮಾಹಿತಿ. ಆ 860 ಮೆಗಾಹರ್ಟ್ಸ್ ಈಗ ಬ್ರಿಟನ್ನಿನಲ್ಲಿ ಟಿವಿಯದ್ದಲ್ಲ. 2012ರಲ್ಲಿ ಅನಲಾಗ್ ಟಿವಿ ಮುಗಿದು, 2013ರಲ್ಲಿ ಆ ಭಾಗವನ್ನು 4ಜಿ ಕಂಪನಿಗಳಿಗೆ ಹರಾಜು ಹಾಕಿದರು. 832ರಿಂದ 862ರವರೆಗಿನ ಪಟ್ಟಿಯಲ್ಲಿ ಈಗ ನಮ್ಮ ಫೋನುಗಳು ಟವರಿಗೆ ಮಾತು ಕಳಿಸುತ್ತವೆ. ಮುಂದಿನ ಸಲ ಊರಿಗೆ ಫೋನ್ ಹಚ್ಚಿದಾಗ, ನಿಮ್ಮ ಮಾತು ಹೊರಡುವುದು ಒಂದು ಕಾಲಕ್ಕೆ ಗುಲ್ಬರ್ಗಾದ ಹಳ್ಳಿಗಳಿಗೆ ಕನ್ನಡ ಇಳಿದು ಬಂದ ಅಲೆಯ ಮೇಲೇ ಇರಬಹುದು.

ಕೊನೆಗೆ ಒಂದು ವಿನಂತಿ. ನಮ್ಮ ಸಂಘದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಕಡೆಯವರು ಇದ್ದೀರಿ. ಆಗಿನ ಮೂರು ಜಿಲ್ಲೆಗಳೇ ಒಡೆದು ಈಗ ಈ ಆರು ಜಿಲ್ಲೆಗಳಾಗಿವೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ, ಈ ವಾರ ಫೋನ್ ಮಾಡಿದಾಗ ಕೇಳಿ: ‘1975ರಾಗ ಊರಿಗೆ ಟಿವಿ ಬಂದಿತ್ತಾ? ಜಾಳಗಿ ಛತ್ರಿ ನೋಡಿದ್ದೀರಾ?’ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿ. ಕಿವಿ ಮಂದವಾಗಿದ್ದರೆ ಮನೆಯವರಿಗೆ ಹೇಳಿ ಟಿವಿ ಬಂದ್ ಮಾಡಿಸಿ, ಎದುರು ಕೂತು ಕೇಳಲು ಹೇಳಿ. ಎಲ್ಲವನ್ನೂ ಒಂದು ಕಡೆ ಕೂಡಿಸುವ ಕೆಲಸ ನನ್ನದು. ಮುಂದಿನ ವರ್ಷದ ಸಂಚಿಕೆಯ ಹೊತ್ತಿಗೆ ನಾನು ಈ ವಿಶ್ವವಿದ್ಯಾಲಯದಲ್ಲಿ ಇರುವುದಿಲ್ಲ, ಆದರೆ ಸಂಘದ ಗ್ರೂಪಿನಲ್ಲಿ ಇರುತ್ತೇನೆ. ಅಲ್ಲೇ ಕಳಿಸಿ.